ಮನೆಯಲ್ಲಿ ಯೋಗ ಹೇಳಿಕೊಡುವ ಮುನ್ನ

‘ಯೋಗಾಸನ ಕಲಿತು ಮೂರು ವರ್ಷವಾಯಿತು. ದಿನವೂ ತಪ್ಪದೆ ಮಾಡುತ್ತೇನೆ. ನಮ್ಮದು ಹಳೇ ತೊಟ್ಟಿ ಮನೆ, ಜಾಗಕ್ಕೇನೂ ಕೊರತೆಯಿಲ್ಲ. ಬೀದಿಯ ಹೆಂಗಸರು ನಮಗೂ ಹೇಳಿಕೊಡಿ ಎಂದು ದುಂಬಾಲು ಬಿದ್ದಿದ್ದಾರೆ. ಇದನ್ನೇ ಒಂದು ವೃತ್ತಿ ಮಾಡಿಕೊಳ್ಳಬಹುದೇ?’

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯವರು ಈ ಪ್ರಶ್ನೆಯನ್ನು ಒಂದಲ್ಲ ಒಂದು ರೂಪದಲ್ಲಿ ಕೇಳುತ್ತಿರುತ್ತಾರೆ. ಕೇಳುವವರಲ್ಲಿ ಹೆಚ್ಚಿನವರು ಮಕ್ಕಳು ಶಾಲೆ ಕಾಲೇಜು ಸೇರಿದ ಮೇಲೆ ಕೈಯಲ್ಲಿ ಒಂದಿಷ್ಟು ಹೊತ್ತು ಉಳಿದಿರುವ ಗೃಹಿಣಿಯರು. ನಿವೃತ್ತ ಶಿಕ್ಷಕರೂ ಇದ್ದಾರೆ, ಕೆಲಸ ಸಿಗದ ಪದವೀಧರರೂ ಇದ್ದಾರೆ. ಮಾಡಬಹುದು, ಖಂಡಿತ ಮಾಡಬಹುದು ಎಂಬುದೇ ನನ್ನ ಉತ್ತರ. ಆದರೆ ನೀವು ಆಸನ ಮಾಡುವುದು ಬೇರೆ, ಇನ್ನೊಬ್ಬರಿಂದ ಮಾಡಿಸುವುದು ಬೇರೆ. ನಿಮ್ಮ ಮೈಯ ನೋವು ನಿಮಗೆ ಗೊತ್ತಾಗುತ್ತದೆ. ಎದುರಿಗೆ ಜಮಖಾನದ ಮೇಲೆ ಮಲಗಿರುವ ಐವತ್ತೈದರ ಹೆಂಗಸಿನ ಎದೆ ಏಕೆ ಡವಗುಟ್ಟುತ್ತಿದೆ ಎಂಬುದು ನಿಮಗೆ ತಾನಾಗಿಯೇ ಗೊತ್ತಾಗುವುದಿಲ್ಲ. ಅದನ್ನು ಕೇಳಿ, ನೋಡಿ, ಅಳೆದು ತಿಳಿಯಬೇಕು. ಈ ವಾರದ ಪಾಠ ಅದರ ಬಗ್ಗೆಯೇ.

ನಮ್ಮ ನೆರೆಯಲ್ಲೇ ಇರುವ ಮಾದರಿ

ಮನೆಯಲ್ಲಿ ಒಬ್ಬೊಬ್ಬರಿಗೇ ಹೇಳಿಕೊಡುವ ಪದ್ಧತಿ ನಮಗೆ ಹೊರಗಿನಿಂದ ಬಂದದ್ದಲ್ಲ. ಶ್ರೀರಂಗಪಟ್ಟಣದಿಂದ ಹೆಚ್ಚೆಂದರೆ ಅರ್ಧ ಗಂಟೆಯ ದಾರಿಯ ಮೈಸೂರಿನಲ್ಲಿ ಅದು ಬೆಳೆಯಿತು. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಲು ಅವಕಾಶ ಮಾಡಿಕೊಟ್ಟರು. ಮರುವರ್ಷ ಆಚಾರ್ಯರು ‘ಯೋಗ ಮಕರಂದ’ವನ್ನು ಕನ್ನಡದಲ್ಲೇ ಬರೆದರು. ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಅವರು ಆಚಾರ್ಯರ ಪತ್ನಿಯ ತಮ್ಮ. ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ಸೊರಗಿದ್ದ ಹುಡುಗ. (ಇದು ನಾಗಮಂಗಲದ ಬೆಳ್ಳೂರಲ್ಲ, ಹೆಸರು ಒಂದೇ ಆದ್ದರಿಂದ ಹಲವರು ತಪ್ಪು ತಿಳಿಯುತ್ತಾರೆ.) 1930ರ ದಶಕದಲ್ಲಿ ಮೈಸೂರಿಗೆ ಬಂದ ಆ ಹುಡುಗ ಮುಂದೆ ಪುಣೆಯಲ್ಲಿ ನೆಲೆಸಿ, ಮರದ ದಿಮ್ಮಿ, ಕುರ್ಚಿ, ಹಗ್ಗ, ದಿಂಬುಗಳನ್ನು ಬಳಸಿ ಮುದುಕರೂ ರೋಗಿಗಳೂ ಆಸನ ಮಾಡುವಂತೆ ಮಾಡಿದರು.

ಮೂರನೆಯವರು ಹಾಸನ ಜಿಲ್ಲೆಯ ಕೌಶಿಕದ ಪಟ್ಟಾಭಿ ಜೋಯಿಸರು. ಇವರ ಉದಾಹರಣೆ ನಮಗೆ ಎಲ್ಲಕ್ಕಿಂತ ಹತ್ತಿರದ್ದು. ಸಂಸ್ಕೃತ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅವರು 1948ರಲ್ಲಿ ಮೈಸೂರಿನ ಲಕ್ಷ್ಮೀಪುರದ ಸ್ವಂತ ಮನೆಯಲ್ಲೇ ಯೋಗ ಕಲಿಸತೊಡಗಿದರು. 1964ರಲ್ಲಿ ಅಲ್ಲಿಯೇ ಒಂದು ಕೊಠಡಿ ಕಟ್ಟಿಸಿದರು. ಒಂದು ಸಲಕ್ಕೆ ಹನ್ನೆರಡು ಮಂದಿ ಹಿಡಿಯುವಷ್ಟು ಜಾಗ. ಉಳಿದವರು ಮೆಟ್ಟಿಲ ಮೇಲೆ ಸರದಿ ಕಾಯಬೇಕು. 2002ರಲ್ಲಿ ಗೋಕುಲಂ ಬಡಾವಣೆಗೆ ಹೋಗುವವರೆಗೆ, ಐವತ್ತಕ್ಕೂ ಹೆಚ್ಚು ವರ್ಷ ಅದೇ ಮನೆ. ಇಂದು ಪ್ರಪಂಚದ ಎಲ್ಲೇ ಆಗಲಿ ‘ಮೈಸೂರು ಶೈಲಿ’ ಎಂದರೆ, ಎಲ್ಲರೂ ಒಟ್ಟಿಗೆ ಒಂದೇ ಆಸನ ಮಾಡದೆ, ಒಬ್ಬೊಬ್ಬರೂ ತಮ್ಮ ಶಕ್ತಿಗೆ ತಕ್ಕಂತೆ ಮಾಡುತ್ತಿರುವಾಗ ಗುರು ಸುತ್ತಾಡಿ ತಿದ್ದುವುದು ಎಂದೇ ಅರ್ಥ.

ನಮ್ಮ ತಾಲ್ಲೂಕುಗಳ ಮನೆಗಳಿಗೆ ಹೊಂದುವುದು ಇದೇ. ಮೈದಾನದಲ್ಲಿ ನೂರು ಜನರನ್ನು ಸಾಲಾಗಿ ನಿಲ್ಲಿಸಿ ಧ್ವನಿವರ್ಧಕದಲ್ಲಿ ಎಣಿಸುವುದು ಜೂನ್ 21ರ ಯೋಗ ದಿನಕ್ಕೆ ಸರಿ. ನಡುಮನೆಯಲ್ಲಿ ನಾಲ್ಕರಿಂದ ಆರು ಜನ ಸಾಕು. ಆರಕ್ಕಿಂತ ಹೆಚ್ಚಾದರೆ ನಿಮ್ಮ ಕಣ್ಣು ಎಲ್ಲರ ಮೇಲೂ ನಿಲ್ಲುವುದಿಲ್ಲ.

ಎಷ್ಟು ಕಲಿತರೆ ಸಾಕು?

ಟಿ.ವಿ. ನೋಡಿ, ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತವರು ತಾವು ಮಾಡಿಕೊಳ್ಳಲಿ, ಬೇಡ ಎನ್ನುವುದಿಲ್ಲ. ಇನ್ನೊಬ್ಬರಿಗೆ ಹೇಳಿಕೊಡಲು ಅದು ಸಾಲದು. ನಿಮ್ಮನ್ನು ಯಾರಾದರೂ ಎದುರಿಗೆ ನಿಂತು ತಿದ್ದಿರಬೇಕು. ಕೇಂದ್ರ ಸರ್ಕಾರದ ಆಯುಷ್ ಸಚಿವಾಲಯ 2018ರಲ್ಲಿ ಯೋಗ ಪ್ರಮಾಣೀಕರಣ ಮಂಡಳಿಯನ್ನು ರಚಿಸಿದೆ. ಅದು ಹಲವು ಹಂತಗಳಲ್ಲಿ ಪರೀಕ್ಷೆ ನಡೆಸಿ ಪ್ರಮಾಣಪತ್ರ ನೀಡುತ್ತದೆ. ಬೋಧಕರ ಮೊದಲ ಹಂತಕ್ಕೆ 200 ಗಂಟೆಗಳ ಅಭ್ಯಾಸವನ್ನು ನಿಗದಿ ಮಾಡಲಾಗಿದೆ. ಬೆಂಗಳೂರಿನ ಬಳಿಯ ಜಿಗಣಿಯಲ್ಲಿರುವ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಒಂದು ತಿಂಗಳ ವಸತಿ ಶಿಕ್ಷಣ ಬಹಳ ಜನಕ್ಕೆ ಪರಿಚಿತ. ಮನೆ ಬಿಟ್ಟು ಒಂದು ತಿಂಗಳು ಇರಲಾಗದವರು ಹತ್ತಿರದ ಅನುಭವಿ ಶಿಕ್ಷಕರ ಕೈಕೆಳಗೆ ಆರು ತಿಂಗಳಾದರೂ ಸಹಾಯಕರಾಗಿ ನಿಂತು, ನಂತರ ಪರೀಕ್ಷೆಗೆ ಕುಳಿತುಕೊಳ್ಳಬಹುದು.

ಪ್ರಮಾಣಪತ್ರ ಗೋಡೆಗೆ ತೂಗುಹಾಕಿದರೆ ಗೌರವ ಬರುತ್ತದೆ, ನಿಜ. ಅಷ್ಟರಿಂದ ನೀವು ವೈದ್ಯರಾಗುವುದಿಲ್ಲ. ಯೋಗ ಮತ್ತು ಪ್ರಕೃತಿ ಚಿಕಿತ್ಸೆಯಲ್ಲಿ ಐದೂವರೆ ವರ್ಷಗಳ ವೈದ್ಯಕೀಯ ಪದವಿಯೇ ಇದೆ. ಉಜಿರೆಯಲ್ಲೂ ಮೈಸೂರಿನ ಸರ್ಕಾರಿ ಕಾಲೇಜಿನಲ್ಲೂ ಅದನ್ನು ಕಲಿಸುತ್ತಾರೆ. ರೋಗಕ್ಕೆ ಯೋಗ ಚಿಕಿತ್ಸೆ ಕೊಡುವುದು ಅವರ ಕೆಲಸ. ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಯೋಗ ಚಿಕಿತ್ಸೆಯನ್ನೂ ಚಿಕಿತ್ಸೆಯೆಂದೇ ಎಣಿಸುತ್ತದೆ. ಆದ್ದರಿಂದ ಬಾಗಿಲಿನ ಫಲಕದ ಮೇಲೆ ‘ಯೋಗ ತರಗತಿ’ ಎಂದು ಬರೆಸಿ. ‘ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿ ನೋವು ವಾಸಿ ಮಾಡಲಾಗುವುದು’ ಎಂದು ಬರೆಸಬೇಡಿ. ಪುರಸಭೆಯಲ್ಲಿ ಅಥವಾ ಗ್ರಾಮ ಪಂಚಾಯಿತಿಯಲ್ಲಿ ಪರವಾನಗಿ ಬೇಕೇ ಎಂದು ಒಮ್ಮೆ ವಿಚಾರಿಸಿಕೊಳ್ಳಿ.

ಮೊದಲ ದಿನ ಆಸನ ಬೇಡ

ಕೆಲವು ವರ್ಷಗಳ ಹಿಂದಿನ ಮಾತು. ನಿವೃತ್ತ ಮೇಷ್ಟ್ರೊಬ್ಬರು ನನ್ನಲ್ಲಿಗೆ ಬಂದಿದ್ದರು. ಬೆಳಿಗ್ಗೆ ಆರು ಗಂಟೆಗೆ ಯೋಗದ ತರಗತಿಗೆ ಹೋಗುತ್ತಿದ್ದರಂತೆ. ಬರಿ ಹೊಟ್ಟೆಯಲ್ಲಿ ಮಾಡಬೇಕು ಎಂದು ಅಲ್ಲಿ ಹೇಳಿದ್ದಾರೆ, ಅವರೂ ಹಾಗೆಯೇ ಹೋಗಿದ್ದಾರೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ಎಂದಿನಂತೆ ನುಂಗಿಕೊಂಡು ಹೋಗಿದ್ದಾರೆ! ಸೂರ್ಯ ನಮಸ್ಕಾರದ ಎಂಟನೆಯ ಸುತ್ತಿಗೆ ಮೈಯೆಲ್ಲ ಬೆವರಿತು, ಕೈ ನಡುಗಿತು. ‘ಬೆವರು ಬಂದರೆ ಒಳ್ಳೆಯದು, ಕೆಟ್ಟದ್ದೆಲ್ಲ ಹೊರಗೆ ಹೋಗುತ್ತೆ’ ಎಂದು ಹೇಳಿಕೊಡುವವರು ಹುರಿದುಂಬಿಸಿದರು. ಮೇಷ್ಟ್ರು ಏನೇನೋ ತೊದಲತೊಡಗಿದಾಗ ಪಕ್ಕದಲ್ಲಿದ್ದ ಹೆಂಗಸು, ತಮ್ಮ ಮನೆಯವರಿಗೂ ಹೀಗೆ ಆಗಿದ್ದನ್ನು ಕಂಡಿದ್ದವರು, ಓಡಿಹೋಗಿ ಸಕ್ಕರೆ ನೀರು ತಂದು ಕುಡಿಸಿದರು. ಮೇಷ್ಟ್ರು ಉಳಿದುಕೊಂಡರು. ಹೇಳಿಕೊಡುವವರು ಕೆಟ್ಟವರಲ್ಲ, ಕೇಳಿ ತಿಳಿದಿರಲಿಲ್ಲ, ಅಷ್ಟೇ.

ಆದ್ದರಿಂದ ಯಾರೇ ಸೇರಲು ಬರಲಿ, ಮೊದಲ ದಿನ ಮಾತಿಗೆ ಮೀಸಲಿರಲಿ. ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಒಂದು ನೋಟ್ ಬುಕ್ಕಿನಲ್ಲಿ ಪ್ರತಿಯೊಬ್ಬರಿಗೂ ಒಂದು ಹಾಳೆ ಇಟ್ಟು, ಕೇಳಿ ಬರೆದುಕೊಳ್ಳಿ. ವಯಸ್ಸೆಷ್ಟು, ದಿನವೂ ಏನು ಕೆಲಸ, ಯಾವ ಯಾವ ಮಾತ್ರೆ ನುಂಗುತ್ತಾರೆ? ‘ಹೆಸರು ಗೊತ್ತಿಲ್ಲ, ಕೆಂಪು ಮಾತ್ರೆ’ ಎಂದರೆ ಮಾತ್ರೆಯ ಚೀಟಿಯನ್ನೇ ತರಲು ಹೇಳಿ. ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆ ಹಿಡಿದಂತಾಗುತ್ತದೆಯೇ? ಕಣ್ಣು ಕತ್ತಲೆ ಬಂದು ಬಿದ್ದದ್ದುಂಟೇ? ಶಸ್ತ್ರಚಿಕಿತ್ಸೆ ಆಗಿದೆಯೇ, ಆಗಿದ್ದರೆ ಎಂದು? ಹರ್ನಿಯಾ, ಫಿಟ್ಸ್, ಆಸ್ತಮಾ ಇದೆಯೇ? ಕಣ್ಣಿನ ವೈದ್ಯರು ಏನಾದರೂ ಹೇಳಿದ್ದಾರೆಯೇ? ಹೆಂಗಸರನ್ನು ಬೇರೆಯಾಗಿ, ಅತ್ತೆ ಸೊಸೆಯರು ಒಟ್ಟಿಗೆ ಬಂದಿದ್ದರೆ ಖಂಡಿತವಾಗಿಯೂ ಬೇರೆ ಬೇರೆಯಾಗಿ, ಮುಟ್ಟಿನ ವಿಷಯ, ಬಸಿರಿನ ವಿಷಯ, ಗರ್ಭಕೋಶ ಜಾರಿರುವ ವಿಷಯ ಕೇಳಬೇಕು. ಗರ್ಭಕೋಶ ಜಾರಿದ್ದರೂ ಹೇಳಿಕೊಳ್ಳದೆ ಹತ್ತು ವರ್ಷ ತಳ್ಳುವ ತಾಯಂದಿರು ನಮ್ಮಲ್ಲಿ ಇದ್ದಾರೆ. ನಿಮ್ಮೊಬ್ಬರಿಗಾದರೂ ಹೇಳಿಕೊಂಡರೆ, ವೈದ್ಯರ ಬಳಿಗೆ ಕಳಿಸುವ ಪುಣ್ಯ ನಿಮ್ಮದಾಗುತ್ತದೆ.

ಒಂದು ಡಿಜಿಟಲ್ ರಕ್ತದೊತ್ತಡ ಮಾಪಕ ಕೊಳ್ಳಿ. ಹೊಸ ಜಮಖಾನಕ್ಕಿಂತ ಇದು ಮೊದಲು ಬೇಕು. ನೋಡುವ ಮುನ್ನ ಐದು ನಿಮಿಷ ಸುಮ್ಮನೆ ಬೆನ್ನಿಗೆ ಆಸರೆ ಕೊಟ್ಟು ಕುಳಿತಿರಲಿ. ಅದಕ್ಕೂ ಹಿಂದಿನ ಅರ್ಧ ಗಂಟೆ ಕಾಫಿ, ಬೀಡಿ ಇಲ್ಲ. ತೋಳು ಎದೆಯ ಮಟ್ಟದಲ್ಲಿ ಇರಬೇಕು, ಆಗ ಮಾತಾಡಬಾರದು. 140/90 ಅಥವಾ ಅದಕ್ಕಿಂತ ಹೆಚ್ಚು ಎಂದು ಬೇರೆ ಬೇರೆ ದಿನಗಳಲ್ಲಿ ಬಂದರೆ ವೈದ್ಯರಿಗೆ ತೋರಿಸಲು ಹೇಳಿ. 180/110 ದಾಟಿದ್ದರೆ ಆ ದಿನ ಆಸನ ಇಲ್ಲ, ನೇರವಾಗಿ ವೈದ್ಯರ ಬಳಿಗೆ. ಅದರ ಜೊತೆಗೆ ತಲೆನೋವು, ಎದೆನೋವು, ಮಾತು ತೊದಲುವಿಕೆ ಇದ್ದರೆ ಕ್ಷಣವೂ ತಡ ಮಾಡಬಾರದು.

ತಾಲ್ಲೂಕು ಆಸ್ಪತ್ರೆಗಳು ನಾಲ್ಕೂ ಕಡೆ ಇವೆ. ನಾಗಮಂಗಲದವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಹೃದಯದ ತೊಂದರೆಗೆ ಮೈಸೂರಿನ ಜಯದೇವ ಆಸ್ಪತ್ರೆ. ನಿಮ್ಮೂರಿನ ಒಬ್ಬ ವೈದ್ಯರ ಪರಿಚಯ ಮಾಡಿಕೊಂಡು, ‘ಇಂಥವರನ್ನು ಕಳಿಸುತ್ತೇನೆ, ಏನು ಮಾಡಿಸಬಹುದು ಎಂದು ಒಂದು ಚೀಟಿ ಬರೆದು ಕೊಡಿ’ ಎಂದು ಕೇಳಿಕೊಳ್ಳಿ. ಬಹಳ ವೈದ್ಯರು ಸಂತೋಷದಿಂದಲೇ ಒಪ್ಪುತ್ತಾರೆ.

ಯಾರಿಗೆ ಯಾವುದು ಬೇಡ

ಶೀರ್ಷಾಸನದ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಮನೆಯ ತರಗತಿಯಲ್ಲಿ ಅದನ್ನು ಮಾಡಿಸಲೇ ಬೇಡಿ. ತಲೆ ಕೆಳಗಾಗಿ ನಿಂತಾಗ ಕಣ್ಣಿನೊಳಗಿನ ಒತ್ತಡ ಸುಮಾರು ಎರಡರಷ್ಟಾಗುವುದನ್ನು ಅಧ್ಯಯನಗಳು ತೋರಿಸಿವೆ. ಗ್ಲಾಕೋಮಾ ಇರುವವರಿಗೆ ಇದು ಅಪಾಯ. ಆ ಕಾಯಿಲೆ ಇದೆಯೆಂದು ಅರ್ಧಕ್ಕರ್ಧ ಜನಕ್ಕೆ ಗೊತ್ತೇ ಇರುವುದಿಲ್ಲ, ಏಕೆಂದರೆ ಮೊದಮೊದಲು ನೋವೂ ಇಲ್ಲ, ದೃಷ್ಟಿ ಮಂಜಾಗುವುದೂ ಇಲ್ಲ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ನರಪಟಲ ಕೆಟ್ಟಿರುವವರಿಗೂ ತಲೆ ತಗ್ಗಿಸಿ ಹಿಡಿದು ನಿಲ್ಲುವ ಆಸನಗಳು ಬೇಡ. ಕತ್ತಿನ ಮೂಳೆ ಸವೆದವರ ಮಾತಂತೂ ಹೇಳಬೇಕಿಲ್ಲ. ‘ಆಸನಗಳ ರಾಜ’ ಎಂಬ ಹೆಸರಿದ್ದರೆ ಇರಲಿ. ರಾಜನನ್ನು ಎಲ್ಲರ ಮನೆಗೂ ಕರೆಯಬೇಕಾಗಿಲ್ಲ.

ರಕ್ತದೊತ್ತಡ ಇರುವವರು ಉಸಿರು ಬಿಗಿಹಿಡಿಯುವ ಕುಂಭಕ, ರಭಸದ ಭಸ್ತ್ರಿಕಾ, ಕಪಾಲಭಾತಿ ಮಾಡಬಾರದು. ಬಸುರಿಯರಿಗೂ ಹರ್ನಿಯಾ ಇರುವವರಿಗೂ ಇದೇ ಮಾತು. ಡಿಸ್ಕ್ ಜಾರಿ ಕಾಲಿಗೆ ನೋವು ಇಳಿಯುತ್ತಿರುವವರು ಮುಂದಕ್ಕೆ ಬಾಗಿ ಕಾಲು ಮುಟ್ಟುವ ಸಾಹಸಕ್ಕೆ ಹೋಗಬಾರದು. ಮಂಡಿ ಸವೆದವರಿಗೆ ಪದ್ಮಾಸನ, ವಜ್ರಾಸನ ಬಿಟ್ಟು ಕುರ್ಚಿ ಕೊಡಿ. ನಮ್ಮ ಕಡೆ ಕುರ್ಚಿ ಕೊಟ್ಟರೆ ಅವಮಾನವೆಂದು ತಿಳಿಯುವವರಿದ್ದಾರೆ, ‘ನನಗೇನು ವಯಸ್ಸಾಗಿದೆಯಾ?’ ಎನ್ನುತ್ತಾರೆ. ಅಯ್ಯಂಗಾರರೇ ಕುರ್ಚಿ ಬಳಸುತ್ತಿದ್ದರು ಎಂದು ಹೇಳಿ, ಒಪ್ಪುತ್ತಾರೆ.

ವಯಸ್ಸಾದವರಿಗೆ ಮಾಡಿಸಲೇಬೇಕಾದ ಒಂದು ಅಭ್ಯಾಸವಿದೆ: ಗೋಡೆ ಅಥವಾ ಕುರ್ಚಿಯ ಬೆನ್ನು ಹಿಡಿದು ಒಂಟಿ ಕಾಲಿನ ಮೇಲೆ ನಿಲ್ಲುವುದು, ಕೈ ಊರದೆ ಕುರ್ಚಿಯಿಂದ ಏಳುವುದು. ಅರವತ್ತೈದು ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲದ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಳ್ಳುವುದನ್ನು ತಪ್ಪಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ವಯಸ್ಕರೆಲ್ಲರಿಗೂ ವಾರಕ್ಕೆ 150ರಿಂದ 300 ನಿಮಿಷದ ಚುರುಕಾದ ಚಟುವಟಿಕೆ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕೆಂಬುದೂ ಅದೇ ಸಂಸ್ಥೆಯ ಸಲಹೆ. ಯೋಗ ಮಾಡಿದೆನೆಂದು ನಡಿಗೆ ಬಿಡುವವರಿಗೆ ಇದನ್ನು ನೆನಪಿಸಿ.

ಸಕ್ಕರೆ ಕಾಯಿಲೆಯವರು ಬಂದಾಗ

ನಿಮ್ಮ ಆರು ಜನರಲ್ಲಿ ಒಬ್ಬಿಬ್ಬರಾದರೂ ಸಕ್ಕರೆ ಕಾಯಿಲೆಯವರಿರುತ್ತಾರೆ ಎಂದೇ ಭಾವಿಸಿ ಸಿದ್ಧರಾಗಿರಿ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ತಿನ್ನದೆ ವ್ಯಾಯಾಮ ಮಾಡಿದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ನಡುಕ, ತಣ್ಣನೆಯ ಬೆವರು, ವಿಪರೀತ ಹಸಿವು, ಎದೆ ಹೊಡೆದುಕೊಳ್ಳುವುದು, ಕಾರಣವಿಲ್ಲದೆ ಸಿಡುಕುವುದು, ಕೊನೆಗೆ ತಬ್ಬಿಬ್ಬು ಮಾತು ಇದರ ಲಕ್ಷಣಗಳು. ಕೂಡಲೇ ಕೂರಿಸಿ, ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಮಂಡ್ಯದ ಸೀಮೆಯಲ್ಲಿ ಸಕ್ಕರೆಗೇನು ಬರ! ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಿ. ಸುಧಾರಿಸಿದ ಮೇಲೆ ಏನಾದರೂ ತಿನ್ನಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಸಕ್ಕರೆ ಡಬ್ಬಿ, ಚಮಚ, ಲೋಟ ಕೊಠಡಿಯ ಮೂಲೆಯಲ್ಲೇ ಇರಲಿ, ಅಡುಗೆಮನೆಯಲ್ಲಿ ಹುಡುಕುವಂತಾಗಬಾರದು. ಇಂಥವರು ತರಗತಿಗೆ ಬರುವ ಮುಂಚೆ ಏನು ತಿನ್ನಬೇಕು, ಮಾತ್ರೆ ಯಾವಾಗ ಎಂಬುದನ್ನು ಅವರ ವೈದ್ಯರನ್ನೇ ಕೇಳಿ ಬರಲಿ.

ಪಾದವನ್ನೂ ನೋಡಿ. ಬಹಳ ವರ್ಷದ ಕಾಯಿಲೆಯಿಂದ ಪಾದದ ಸ್ಪರ್ಶ ಸತ್ತಿರುತ್ತದೆ. ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ನೆಲ ಗುಡಿಸಿರಬೇಕು, ಗಾಯ ಕಂಡರೆ ಆ ದಿನವೇ ಆಸ್ಪತ್ರೆಗೆ ಕಳಿಸಬೇಕು.

ಯೋಗದಿಂದ ಸಕ್ಕರೆಯೂ ರಕ್ತದೊತ್ತಡವೂ ಸ್ವಲ್ಪಮಟ್ಟಿಗೆ ಇಳಿಯುತ್ತವೆ. ಅದು ಮಾತ್ರೆಯ ಜೊತೆಗೆ ಸಿಗುವ ಲಾಭ, ಮಾತ್ರೆಯ ಬದಲಿಗೆ ಅಲ್ಲ. ‘ಮೂರು ತಿಂಗಳಾಯಿತು, ಇನ್ನು ಮಾತ್ರೆ ಬಿಡಲಾ ಅಕ್ಕಾ?’ ಎಂದು ನಿಮ್ಮನ್ನು ಕೇಳುತ್ತಾರೆ. ನಿಮ್ಮ ಮೇಲಿನ ಪ್ರೀತಿಯಿಂದಲೇ ಕೇಳುತ್ತಾರೆ. ಆ ಗಳಿಗೆಯಲ್ಲಿ ‘ಹೂಂ’ ಎಂದು ಒಂದು ಅಕ್ಷರ ಹೇಳಿದರೆ, ಆರು ತಿಂಗಳ ನಂತರ ಲಕ್ವ ಹೊಡೆದು ಮಲಗಿದವರ ಮನೆಯ ಮುಂದೆ ನೀವು ನಡೆದುಹೋಗಬೇಕಾಗುತ್ತದೆ. ‘ಡಾಕ್ಟರನ್ನು ಕೇಳಿ’ ಎಂದಷ್ಟೇ ಹೇಳಿ.

ಊಟದ ಉಪದೇಶ, ಪುಡಿಯ ವ್ಯಾಪಾರ

ಯೋಗ ಹೇಳಿಕೊಡುವವರ ಬಳಿ ಊಟದ ಮಾತು ಬಂದೇ ಬರುತ್ತದೆ. ರಾಗಿ ಮುದ್ದೆ ಉಣ್ಣುವವರಿಗೆ ಓಟ್ಸ್ ಉಪದೇಶ ಮಾಡಬೇಡಿ. ರಾಗಿಯಲ್ಲಿ ಸುಣ್ಣದ ಅಂಶ ಧಾರಾಳವಾಗಿದೆ, ನಾರೂ ಇದೆ. ಆದರೆ ‘ಮುದ್ದೆ ಎಷ್ಟು ತಿಂದರೂ ಶುಗರ್ ಏರುವುದಿಲ್ಲ’ ಎಂಬುದು ಸುಳ್ಳು. ಅದೂ ಪಿಷ್ಟವೇ. ಎರಡು ದೊಡ್ಡ ಮುದ್ದೆಯ ಬದಲು ಒಂದು ಸಣ್ಣ ಮುದ್ದೆ, ಬಸ್ಸಾರಿನ ಸೊಪ್ಪು ಕಾಳಿನ ಪಲ್ಯ ತಟ್ಟೆಯ ಅರ್ಧದಷ್ಟು, ಇಷ್ಟು ಮಾಡಿದರೂ ಬಹಳವಾಯಿತು. ರಕ್ತದೊತ್ತಡ ಇರುವವರು ಉಪ್ಸಾರಿನ ಉಪ್ಪನ್ನು ಕಡಿಮೆ ಮಾಡಲಿ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟದಿದ್ದರೆ ಒಳ್ಳೆಯದು. ತೂಕ ಇಳಿಸಬೇಕಾದವರಿಗೆ ವಾರಕ್ಕೆ ಅರ್ಧ ಕಿಲೋ ಇಳಿದರೆ ಅದೇ ದೊಡ್ಡದು. ತಿಂಗಳಿಗೆ ಹತ್ತು ಕಿಲೋ ಎನ್ನುವವರನ್ನು ನಂಬಬೇಡಿ, ನೀವೂ ಹಾಗೆ ಹೇಳಬೇಡಿ.

ಮನೆಯಲ್ಲಿ ನಾಲ್ಕು ಜನ ಸೇರುವ ಕಡೆ ಪುಡಿ ಡಬ್ಬಿಗಳನ್ನು ಮಾರುವವರು ತಪ್ಪದೆ ಬಂದು ಸೇರಿಕೊಳ್ಳುತ್ತಾರೆ. ‘ನೀವೇ ಆರೋಗ್ಯ ತರಬೇತುದಾರರು, ಈ ಡಬ್ಬಿ ಮಾರಿ, ನಿಮ್ಮ ಕೆಳಗೆ ಇನ್ನಿಬ್ಬರನ್ನು ಸೇರಿಸಿ, ಕಮಿಷನ್ ಬರುತ್ತದೆ’ ಎನ್ನುತ್ತಾರೆ. ದುಡ್ಡು ಬರಬಹುದು. ಆದರೆ ಅಂದಿನಿಂದ ನಿಮ್ಮ ಮಾತು ಸಲಹೆಯಾಗಿ ಉಳಿಯುವುದಿಲ್ಲ. ಈ ಡಬ್ಬಿಯನ್ನು ಇವರಿಗೆ ನಿಜವಾಗಿ ಬೇಕೆಂದು ಹೇಳಿದೆನೋ, ತಿಂಗಳ ಲೆಕ್ಕ ತುಂಬಲೆಂದು ಹೇಳಿದೆನೋ ಎಂಬುದು ನಿಮಗೇ ತಿಳಿಯದಂತಾಗುತ್ತದೆ. ಈ ವಿಷಯದಲ್ಲಿ ರಾಜಿ ಬೇಡ ಎಂಬುದು ನನ್ನ ಅಭಿಪ್ರಾಯ.

ಮುಟ್ಟುವುದು, ಕೇಳುವುದು

ಮೈಸೂರು ಪದ್ಧತಿಯಲ್ಲಿ ಗುರು ಕೈಹಾಕಿ ಆಸನ ತಿದ್ದುವುದು ರೂಢಿ. ಇದರ ಕಹಿ ಭಾಗವನ್ನೂ ಮುಚ್ಚಿಡಬಾರದು. ಪಟ್ಟಾಭಿ ಜೋಯಿಸರು 2009ರಲ್ಲಿ ತೀರಿಕೊಂಡ ಕೆಲ ವರ್ಷಗಳ ಮೇಲೆ, ತಿದ್ದುವ ನೆಪದಲ್ಲಿ ಅವರು ಅನುಚಿತವಾಗಿ ಮುಟ್ಟುತ್ತಿದ್ದರೆಂದು ಕೆಲವು ಹಳೆಯ ಶಿಷ್ಯೆಯರು ಬಹಿರಂಗವಾಗಿ ಆರೋಪಿಸಿದರು. 2019ರಲ್ಲಿ ಅವರ ಮೊಮ್ಮಗ ಶರತ್ ಜೋಯಿಸ್ ಈ ಬಗ್ಗೆ ವಿಷಾದ ವ್ಯಕ್ತಪಡಿಸಿದರು. ಗುರುವಿನ ಮೇಲಿನ ಭಕ್ತಿಯಿಂದ ಶಿಷ್ಯರು ಬಾಯಿ ಬಿಡುವುದಿಲ್ಲ. ಆದ್ದರಿಂದ ಕೇಳುವ ಹೊಣೆ ಹೇಳಿಕೊಡುವವರದು. ‘ಬೆನ್ನಿಗೆ ಕೈ ಇಡಲೇ?’ ಎಂದು ಪ್ರತಿ ಸಲವೂ ಕೇಳಿ. ಹೆಂಗಸರಿಗೆ ಹೆಂಗಸರೇ ಕೈಹಿಡಿದು ತಿದ್ದಲಿ. ಗಂಡಸರಿಗೆ ಬೇರೆ ಹೊತ್ತು ಇಟ್ಟುಕೊಳ್ಳಿ. ಮಕ್ಕಳ ತರಗತಿಯಲ್ಲಿ ಮನೆಯ ಹಿರಿಯರೊಬ್ಬರು ಕುಳಿತಿರಲಿ, ಬಾಗಿಲು ತೆರೆದಿರಲಿ.

ಇನ್ನೊಂದು ಬಗೆಯ ಕೇಳುವಿಕೆಯೂ ಇದೆ. ಶವಾಸನ ಮುಗಿದು ಎದ್ದು ಕುಳಿತವರ ಕಣ್ಣಲ್ಲಿ ನೀರು ಬರುವುದನ್ನು ನೀವು ನೋಡುತ್ತೀರಿ. ದಿನವಿಡೀ ಕೊಟ್ಟಿಗೆ, ಒಲೆ, ಹೊಲ ಎಂದು ಓಡುವ ಹೆಂಗಸಿಗೆ ಕಣ್ಣು ಮುಚ್ಚಿ ಹತ್ತು ನಿಮಿಷ ಮಲಗುವ ಅವಕಾಶ ಬೇರೆಲ್ಲೂ ಸಿಕ್ಕಿರುವುದಿಲ್ಲ. ಉಳಿದವರು ಹೋದ ಮೇಲೆ ಆಕೆ ಹಿಂದೆ ಉಳಿದು, ಗಂಡನ ಕುಡಿತದ ಬಗ್ಗೆಯೋ ಸಾಲದ ಬಗ್ಗೆಯೋ ಹೇಳಿಕೊಳ್ಳುತ್ತಾಳೆ. ಕೇಳಿ, ಅಡ್ಡ ಬಾಯಿ ಹಾಕದೆ ಕೇಳಿ. ಅವಳ ಸಂಸಾರದ ತೀರ್ಪು ಹೇಳಲು ಹೋಗಬೇಡಿ. ಸಾಯುವ ಮಾತಾಡಿದರೆ ಅದನ್ನು ಬರೀ ಮಾತೆಂದು ತಳ್ಳಿಹಾಕದೆ, ಒಬ್ಬಳೇ ಬಿಡದೆ, ಆಸ್ಪತ್ರೆಗೆ ಕರೆದೊಯ್ಯುವ ಏರ್ಪಾಡು ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತವಾಗಿ, ಕನ್ನಡದಲ್ಲೂ ದೊರೆಯುತ್ತದೆ. ಹೊಡೆತ ಬಡಿತದ ವಿಷಯವಾದರೆ ಮಹಿಳಾ ಸಹಾಯವಾಣಿ 181.

ಕೇಳಿದ ಮಾತು ನಿಮ್ಮ ಹೊಸ್ತಿಲು ದಾಟಬಾರದು. ನಮ್ಮೂರುಗಳು ಚಿಕ್ಕವು. ಬೆಳಿಗ್ಗೆ ಹೇಳಿದ್ದು ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿಗೆ ಇಡೀ ಬೀದಿಗೆ ತಿಳಿದಿರುತ್ತದೆ. ಒಮ್ಮೆ ಹಾಗಾದರೆ ನಿಮ್ಮ ತರಗತಿಗೆ ಮತ್ತಾರೂ ಬರುವುದಿಲ್ಲ. ಬಂದರೂ ಕಾಯಿಲೆ ಮುಚ್ಚಿಡುತ್ತಾರೆ, ಅದು ಇನ್ನೂ ಅಪಾಯ. ಆ ನೋಟ್ ಬುಕ್ಕನ್ನೂ ಬೀರುವಿನೊಳಗಿಟ್ಟು ಬೀಗ ಹಾಕಿ.

ಹೊತ್ತು, ಹಣ, ಮನೆಯವರು

ನಮ್ಮಲ್ಲಿ ವರ್ಷವಿಡೀ ಒಂದೇ ವೇಳಾಪಟ್ಟಿ ನಡೆಯುವುದಿಲ್ಲ. ನಾಲೆ ನೀರಿರುವ ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಭತ್ತದ ನಾಟಿ ಶುರುವಾದರೆ ಹೆಂಗಸರು ಬೆಳಿಗ್ಗೆ ಬರಲಾರರು. ದಿನವೆಲ್ಲ ಬಗ್ಗಿ ನಾಟಿ ಹಾಕಿದವರಿಗೆ ಸಂಜೆ ಮತ್ತೆ ಮುಂದಕ್ಕೆ ಬಗ್ಗಿಸಬಾರದು. ಗೋಡೆಗೆ ಕಾಲು ಚಾಚಿ ಮಲಗಿಸಿ, ಭುಜಂಗಾಸನದಂತೆ ಮೆಲ್ಲಗೆ ಹಿಂದಕ್ಕೆ ಬಾಗಿಸಿ, ಸಾಕು. ನಾಗಮಂಗಲ, ಕೆ.ಆರ್. ಪೇಟೆಯ ರಾಗಿ ಸೀಮೆಯಲ್ಲಿ ಸುಗ್ಗಿಯ ತಿಂಗಳಲ್ಲಿ ಇದೇ ಪಾಡು. ಆ ತಿಂಗಳು ತರಗತಿ ಅರ್ಧಕ್ಕೆ ಇಳಿಯುವುದೆಂದು ಮೊದಲೇ ಲೆಕ್ಕ ಹಾಕಿ, ಉಳಿದ ತಿಂಗಳಿಗೆ ಶುಲ್ಕ ನಿಗದಿ ಮಾಡಿಕೊಳ್ಳಿ.

ಶುಲ್ಕ ಕೇಳಲು ನಾಚಿಕೆ ಬೇಡ. ‘ನಮ್ಮವರೇ ಅಲ್ವಾ’ ಎಂದು ಪುಕ್ಕಟೆ ಆರಂಭಿಸಿದವರು ಎರಡನೆಯ ತಿಂಗಳಿಗೆ ಬೇಸತ್ತು ಬಿಡುವುದನ್ನು ಕಂಡಿದ್ದೇನೆ. ಪುಕ್ಕಟೆ ಬಂದವರೂ ಮನಸ್ಸಿಗೆ ತೋಚಿದಂತೆ ಬಂದು ಹೋಗುತ್ತಾರೆ. ಒಂದು ಗಂಟೆಯ ತರಗತಿಗೆ ಮುಂಚೆ ಗುಡಿಸಿ ಹಾಸುವುದು, ನಂತರ ಬರೆದಿಡುವುದು ಸೇರಿ ಎರಡು ಗಂಟೆ ಹಿಡಿಯುತ್ತದೆ. ಆ ಎರಡು ಗಂಟೆಯ ಬೆಲೆ ಹಾಕಿ. ತಿಂಗಳಿಗೆ ಇಷ್ಟು ಎಂದು ಎಲ್ಲರಿಗೂ ಒಂದೇ ಇರಲಿ. ನಿಜವಾಗಿ ಕೊಡಲಾಗದ ಒಬ್ಬರಿಬ್ಬರಿಗೆ ಯಾರಿಗೂ ತಿಳಿಯದಂತೆ ಬಿಟ್ಟುಬಿಡಿ. ಮೊದಲ ವರ್ಷವೇ ಮನೆ ನಡೆಯುವಷ್ಟು ಸಂಪಾದನೆ ಆಗುವುದಿಲ್ಲ. ಇರುವ ಕೆಲಸ ಬಿಟ್ಟು ಇದಕ್ಕೆ ಇಳಿಯಬೇಡಿ. ಜೋಯಿಸರೇ 1973ರವರೆಗೆ ಸಂಸ್ಕೃತ ಕಾಲೇಜಿನ ಕೆಲಸ ಇಟ್ಟುಕೊಂಡಿದ್ದರು.

ಬೆಂಗಳೂರಿಗೆ ಹೋದ ಮಗಳೋ ಸೊಸೆಯೋ ‘ಮೊಬೈಲಿನಲ್ಲೇ ಹೇಳಿಕೊಡಿ’ ಎನ್ನಬಹುದು. ಆಗಲೇ ನಿಮ್ಮ ಎದುರಿಗೆ ಕೆಲವು ತಿಂಗಳು ಕಲಿತು, ಆರೋಗ್ಯವಾಗಿರುವವರಿಗೆ ಅದು ನಡೆಯುತ್ತದೆ. ಕಾಯಿಲೆಯವರಿಗೆ, ಹೊಸಬರಿಗೆ ಬೇಡ. ಆ ಪುಟ್ಟ ಪರದೆಯಲ್ಲಿ ಬೆವರು ಕಾಣುವುದಿಲ್ಲ.

ಕೊನೆಯದಾಗಿ ನಿಮ್ಮ ಮೈ. ಎಲ್ಲರಿಗೂ ತೋರಿಸಿ ತೋರಿಸಿ, ಮೈ ಕಾಯಿಸಿಕೊಳ್ಳದೆ ಒಂದೇ ಪಕ್ಕಕ್ಕೆ ಬಾಗಿ, ಹೇಳಿಕೊಡುವವರೇ ಸೊಂಟ ಹಿಡಿದುಕೊಂಡು ಬರುವುದುಂಟು. ಮೂರು ಸಲ ಮಾತಿನಲ್ಲಿ ಹೇಳಿ, ಒಂದು ಸಲ ಮಾಡಿ ತೋರಿಸಿ. ನಿಮ್ಮ ಸ್ವಂತ ಅಭ್ಯಾಸ ತರಗತಿಗಿಂತ ಬೇರೆಯಾಗಿ ಇರಲಿ. ಐದೂವರೆಗೆ ಬಾಗಿಲು ತೆರೆಯಬೇಕೆಂದರೆ ರಾತ್ರಿ ಒಂಬತ್ತೂವರೆಗೆ ಮಲಗಬೇಕು. ಇದಕ್ಕೆ ಮನೆಯವರ ಒಪ್ಪಿಗೆ ಬೇಕು. ಬೆಳಿಗ್ಗೆಯ ಕಾಫಿ ಮಾಡುವವರು ಯಾರು, ಮಕ್ಕಳ ಬುತ್ತಿ ಕಟ್ಟುವವರು ಯಾರು ಎಂಬುದನ್ನು ಫಲಕ ಬರೆಸುವ ಮುಂಚೆಯೇ ಮಾತಾಡಿ ತೀರ್ಮಾನಿಸಿಕೊಳ್ಳಿ. ಯಜಮಾನರು ಕಾಫಿಯ ಹೊಣೆ ಹೊತ್ತುಕೊಂಡ ಮನೆಗಳಲ್ಲಿ ತರಗತಿ ಚೆನ್ನಾಗಿಯೇ ನಡೆಯುತ್ತಿರುವುದನ್ನು ನೋಡಿದ್ದೇನೆ.